ಅಂಚೆಯಲ್ಲಿ ಹೋದ ಪಿಯಾನೋ ತುಣುಕುಗಳು

ಯೊಹಾನೆಸ್ ಬ್ರಾಮ್ಸ್ ಹುಟ್ಟಿದ್ದು 1833ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ. ಅಪ್ಪ ಡಬಲ್ ಬಾಸ್ ನುಡಿಸಿ ಸಂಸಾರ ಸಾಕಿದವರು. ಹುಟ್ಟೂರಲ್ಲಿ ಮಗ ಬಯಸಿದ ಹುದ್ದೆ ಬೇರೆಯವರ ಪಾಲಾಯ್ತು. ಅವರು ನೆಲೆ ನಿಂತದ್ದು ದೂರದ ವಿಯೆನ್ನಾದಲ್ಲಿ. ನಮಗೇನು ಹೊಸ ಕಥೆಯಲ್ಲ ಬಿಡಿ.

1890ರಲ್ಲಿ, 57ನೇ ವಯಸ್ಸಿಗೆ, ಇನ್ನು ಬರೆದದ್ದು ಸಾಕು ಅಂದುಬಿಟ್ಟರು. ಹಾಳೆಗಳನ್ನು ಹರಿದು, ಬೇಸಿಗೆ ಕಳೆಯುತ್ತಿದ್ದ ಇಶ್ಲ್ ಊರಿನ ಟ್ರೌನ್ ನದಿಗೆ ಎಸೆದೆ ಅಂತ ಪ್ರಕಾಶಕರಿಗೆ ಕಾಗದ ಹಾಕಿದರು. ಮರುವರ್ಷ ಮ್ಯೂಲ್‌ಫೆಲ್ಡ್ ಅನ್ನುವವರ ಕ್ಲಾರಿನೆಟ್ ಕೇಳಿ ಮತ್ತೆ ಪೆನ್ನು ಹಿಡಿದರು. 1892 ಮತ್ತು 1893ರಲ್ಲಿ 20 ಸಣ್ಣ ಪಿಯಾನೋ ತುಣುಕುಗಳು ಸಿದ್ಧವಾದವು, ಓಪಸ್ 116ರಿಂದ 119ರವರೆಗೆ.

ಆ ಹೊತ್ತಿಗೆ ಕ್ಲಾರಾ ಶೂಮನ್ ಜತೆ ಮನಸ್ತಾಪ ನಡೆದಿತ್ತು. ಬ್ರಾಮ್ಸ್ 20ರ ಹುಡುಗನಾಗಿದ್ದಾಗ ಮನೆಗೆ ಸೇರಿಸಿಕೊಂಡವರು ರಾಬರ್ಟ್ ಮತ್ತು ಕ್ಲಾರಾ ದಂಪತಿ. 1856ರಲ್ಲಿ ರಾಬರ್ಟ್ ತೀರಿಕೊಂಡ ಮೇಲೆ ಕ್ಲಾರಾ ಊರೂರು ಸುತ್ತಿ ಪಿಯಾನೋ ನುಡಿಸಿ ಮಕ್ಕಳನ್ನು ಸಾಕಿದರು. ಸುಮಾರು 40 ವರ್ಷದ ಸ್ನೇಹ. ರಾಬರ್ಟರ ಒಂದು ಸಿಂಫನಿಯ ಮೊದಲ ರೂಪವನ್ನು ಆಕೆಗೆ ಇಷ್ಟವಿಲ್ಲದಿದ್ದರೂ ಬ್ರಾಮ್ಸ್ ಅಚ್ಚು ಹಾಕಿಸಿದ್ದೇ ಜಗಳಕ್ಕೆ ಕಾರಣ. ಮುನಿಸೂ ಕಾಗದದಲ್ಲಿ, ರಾಜಿಯೂ ಕಾಗದದಲ್ಲಿ. ದೂರದಲ್ಲಿದ್ದುಕೊಂಡು ಮನೆಯವರ ಜತೆ ಫೋನಲ್ಲಿ ಮಾತು ಬಿಟ್ಟವರಿಗೆ ಆ ಕಷ್ಟ ಗೊತ್ತು.

ರಾಜಿಯಾದ ಮೇಲೆ ತುಣುಕುಗಳು ಒಂದೊಂದಾಗಿ ಫ್ರಾಂಕ್‌ಫರ್ಟಿಗೆ ಹೋದವು. ಕ್ಲಾರಾಗೆ ಆಗ 70 ದಾಟಿತ್ತು. ಕಿವಿ ಸರಿಯಿಲ್ಲ, ತೋಳುನೋವು ಬೇರೆ. 1891ರಲ್ಲೇ ಕೊನೆಯ ಕಛೇರಿ ಮುಗಿದಿತ್ತು. ತನ್ನೊಳಗೆ ಸಂಗೀತಕ್ಕೆ ಮತ್ತೆ ಜೀವ ಬಂತು ಅನ್ನೋ ಅರ್ಥದಲ್ಲಿ ಆಕೆ ಡೈರಿಯಲ್ಲಿ ಬರೆದರು. ನನಗೆ ದೊಡ್ಡ ಸಿಂಫನಿಗಳಿಗಿಂತ ಇದೇ ದೊಡ್ಡ ಕೆಲಸ ಅನ್ನಿಸುತ್ತೆ.

ನಾನು ಸಂಗೀತ ಕಲಿತವನಲ್ಲ, ಐಟಿಐ ಎಲೆಕ್ಟ್ರಿಷಿಯನ್. ಕ್ಯಾಂಪ್ ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳಿದವನು. ಓಪಸ್ 119ರ ಮೊದಲನೆಯದನ್ನ ಕೇಳಿ ನೋಡಿ. ಒಂದೊಂದೇ ಸ್ವರ ಕೆಳಗಿಳಿಯುತ್ತೆ, ಆದರೆ ಹಿಂದಿನದು ಬಿಡದೆ ಹಾಗೇ ಉಳಿದಿರುತ್ತೆ. ಹಳೇ ಬಲ್ಬ್ ಆರಿಸಿದ ಮೇಲೂ ಒಳಗಿನ ತಂತಿ ಒಂದು ಕ್ಷಣ ಕೆಂಪಗಿರುತ್ತಲ್ಲ, ಹಾಗೆ. ತುಂಬಾ ನಿಧಾನವಾಗಿ ನುಡಿಸಬೇಕು ಅಂತ ಬ್ರಾಮ್ಸ್ ಬರೆದು ತಿಳಿಸಿದ್ದರು. ಕ್ಲಾರಾ ಅದನ್ನು ಬೂದು ಮುತ್ತಿಗೆ ಹೋಲಿಸಿದರು.

1896ರ ಮೇ 20ರಂದು ಕ್ಲಾರಾ ತೀರಿಕೊಂಡರು. ಸುದ್ದಿ ಸಿಕ್ಕಿದಾಗ ಬ್ರಾಮ್ಸ್ ಇಶ್ಲ್‌ನಲ್ಲಿದ್ದರು. ರೈಲು ಹಿಡಿದು ಹೊರಟರೂ ಫ್ರಾಂಕ್‌ಫರ್ಟಿನ ಶೋಕಪ್ರಾರ್ಥನೆ ತಪ್ಪಿಹೋಯಿತು. ಬಾನ್‌ನಲ್ಲಿ ಮಣ್ಣು ಮಾಡುವ ಹೊತ್ತಿಗೆ ಹೇಗೋ ತಲುಪಿದರು. 1897ರ ಏಪ್ರಿಲ್ 3ರಂದು ವಿಯೆನ್ನಾದಲ್ಲಿ ಅವರೂ ಹೋದರು.