ಸ್ಕೋಪಿನ ಬೆಲೆ ಎಷ್ಟು, ಬಾಳಿಕೆ ಎಷ್ಟು? ಅರ್ಧ ಟನ್ ದುರ್ಬೀನಿನ ಕಥೆ

1/9
ಈ ಸಲದ ಹಿಸ್ಟರಿ ಸೀರೀಸ್ ಶುರುವಾಗಿದ್ದು ಒಂದು ಪ್ರಶ್ನೆಯಿಂದ. ನಮ್ಮ ಎನ್‌ಸಿಸಿ ಜೂನಿಯರ್ ಒಬ್ಬ ಕೇಳಿದ: "ಅಣ್ಣಾ, ರೈಫಲ್‌ಗಿಂತ ಅದರ ಮೇಲಿರೋ ಸ್ಕೋಪ್‌ಗೇ ಜಾಸ್ತಿ ದುಡ್ಡಂತೆ. ಒಂದು ಗಾಜಿನ ಕೊಳವೆಗೆ ಅಷ್ಟು ಯಾಕೆ?"

ಮೊದಲೇ ಒಂದು ಮಾತು. ಎನ್‌ಸಿಸಿಯಲ್ಲಿ ನಾವು ಹಾರಿಸೋ ಪಾಯಿಂಟ್ ಟೂ ಟೂ ರೈಫಲ್‌ಗೆ ಸ್ಕೋಪ್ ಇರಲ್ಲ. ಒಲಿಂಪಿಕ್ಸ್‌ನ 10 ಮೀಟರ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲೂ ದೂರದರ್ಶಕ ಹಾಕೋ ಹಾಗಿಲ್ಲ. ಸಣ್ಣ ತೂತಿನ ಸೈಟ್‌ನಲ್ಲೇ ಗುರಿ ನೋಡಬೇಕು. ಹಾಗಾಗಿ ನಮ್ಮಲ್ಲಿ ಬಹಳ ಜನಕ್ಕೆ ಇದು ಶಾಪಿಂಗ್ ಪ್ರಶ್ನೆಯೇ ಅಲ್ಲ. ಆದರೆ "ದುಬಾರಿ ಗಾಜಿಗೆ ಯಾಕೆ ದುಡ್ಡು ಕೊಡಬೇಕು?" ಅನ್ನೋದು ಬಹಳ ಹಳೇ ಪ್ರಶ್ನೆ. 200 ವರ್ಷಕ್ಕೂ ಹಿಂದೆ ನಮ್ಮ ಮೈಸೂರು ಸೀಮೆಯಲ್ಲೇ ಇದರ ಮೇಲೆ ಜಗಳ ನಡೆದಿತ್ತು. ಬನ್ನಿ, ನೋಡೋಣ.

2/9
1799, ಮೇ 4. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. 1779ರಲ್ಲಿ ಹೈದರಾಲಿ ಮದಕರಿನಾಯಕನಿಂದ ಕಿತ್ತುಕೊಂಡಿದ್ದ ನಮ್ಮ ದುರ್ಗವೂ ಕೈ ಬದಲಾಯಿಸ್ತು. ಗೆದ್ದವರಿಗೆ ಈಗ ಹೊಸ ತಲೆನೋವು: ಗೆದ್ದಿದ್ದು ಎಷ್ಟು? ಎಲ್ಲಿಂದ ಎಲ್ಲಿವರೆಗೆ? ಯಾವ ಊರು ಎಲ್ಲಿದೆ? ಕಂದಾಯ ಹಾಕೋಕೂ, ಸೈನ್ಯ ನಡೆಸೋಕೂ ನಕ್ಷೆ ಬೇಕಿತ್ತು.

ಈ ಕೆಲಸಕ್ಕೆ ಇಬ್ಬರು ಬಂದರು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಊರು, ಕೆರೆ, ಗಡಿ, ಕೋಟೆಗಳ ಸರ್ವೆ ಮಾಡಿದ. ನಮ್ಮ ಭಾಗವೂ ಅದರೊಳಗೇ ಬಂತು. ವಿಲಿಯಂ ಲ್ಯಾಂಬ್ಟನ್ ಅನ್ನೋ ಇನ್ನೊಬ್ಬ ಸೈನ್ಯಾಧಿಕಾರಿ, ಅವನೂ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನೇ, ಬೇರೆ ಹಟ ಹಿಡಿದ. ಇಡೀ ದಕ್ಷಿಣ ಭಾರತವನ್ನ ತ್ರಿಕೋನಗಳಾಗಿ ಕಟ್ಟಿ, ಭೂಮಿಯ ಆಕಾರವನ್ನೇ ಅಳೀತೀನಿ ಅಂದ. ಮುಂದೆ ಹಿಮಾಲಯದವರೆಗೂ ಹೋಗಿ ಎವರೆಸ್ಟ್ ಶಿಖರದ ಎತ್ತರ ಲೆಕ್ಕ ಹಾಕಿದ ಮಹಾ ತ್ರಿಕೋನಮಿತಿ ಸರ್ವೆಯ ಬೇರು ಇದೇ.

3/9
ಲ್ಯಾಂಬ್ಟನ್ ಸಾಮಾನು ಹೊಂದಿಸಿದ ರೀತಿ ಕೇಳಿದ್ರೆ ನಗು ಬರುತ್ತೆ. ಬ್ರಿಟಿಷರು 1793ರಲ್ಲಿ ಚೀನಾ ಚಕ್ರವರ್ತಿಗೆ ಕಾಣಿಕೆ ಕೊಡೋಕೆ ಅಂತ ಒಳ್ಳೊಳ್ಳೆ ಉಪಕರಣ ಹೊತ್ತೊಯ್ದಿದ್ರು. ಅಲ್ಲಿ ಬೇಡವಾದ ಸಾಮಾನಲ್ಲಿ ಒಂದಷ್ಟು ಆ ತಂಡದಲ್ಲಿದ್ದ ಡಿನ್‌ವಿಡ್ಡಿ ಅನ್ನೋ ವಿಜ್ಞಾನಿಯ ಪಾಲಾಗಿ ಕಲ್ಕತ್ತೆಗೆ ಬಂತು. ಅದರಲ್ಲಿದ್ದ ಉಕ್ಕಿನ ಸರಪಳಿಯನ್ನೂ ನಕ್ಷತ್ರ ನೋಡೋ ಯಂತ್ರವನ್ನೂ ಲ್ಯಾಂಬ್ಟನ್ ಕೊಂಡುಕೊಂಡ. ಅಂದರೆ ಸೆಕೆಂಡ್ ಹ್ಯಾಂಡ್! ಆದರೆ ಎರಡೂ ಲಂಡನ್ನಿನ ಜೆಸ್ಸಿ ರಾಮ್ಸ್‌ಡನ್ ಕೈಕೆಲಸ. ಆ ಕಾಲಕ್ಕೆ ಅವನಿಗಿಂತ ಒಳ್ಳೆ ಕುಶಲಕರ್ಮಿ ಸಿಗೋದು ಕಷ್ಟ ಇತ್ತು.

ಆ 100 ಅಡಿ ಸರಪಳಿ ಇಟ್ಟುಕೊಂಡು 1800ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಮೂಲರೇಖೆ ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತಲ್ಲ, ಅದಕ್ಕೆ ಸರಪಳಿಯನ್ನ ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಶಾಖಕ್ಕೆ ತಕ್ಕಂತೆ ಉದ್ದ ತಿದ್ದುಕೊಳ್ತಿದ್ರು.

4/9
ಇನ್ನು ಕಥಾನಾಯಕ. ಕೋನ ಅಳೆಯೋಕೆ ಲ್ಯಾಂಬ್ಟನ್ ಲಂಡನ್ನಿನ ವಿಲಿಯಂ ಕ್ಯಾರಿ ಹತ್ತಿರ ಒಂದು ಥಿಯೋಡೊಲೈಟ್ ಮಾಡಿಸಿದ. ಥಿಯೋಡೊಲೈಟ್ ಅಂದ್ರೆ ಬೇರೇನಲ್ಲ: ಒಂದು ದುರ್ಬೀನು, ಅದರ ಕೆಳಗೆ ಡಿಗ್ರಿ ಗೀಟು ಕೊರೆದ ಲೋಹದ ಚಕ್ರ. ದೂರದ ಗುರಿಯನ್ನ ದುರ್ಬೀನಿನ ಕೂದಲೆಳೆ ಗೆರೆಗೆ ತಂದು, ಎಷ್ಟು ತಿರುಗಿದ್ದೀವಿ ಅಂತ ಚಕ್ರದಲ್ಲಿ ಓದೋದು. ರೈಫಲ್ ಸ್ಕೋಪ್ ಒಳಗಿನ ಕೆಲಸವೂ ಹೆಚ್ಚುಕಮ್ಮಿ ಇದೇ: ಗಾಜು, ಅಡ್ಡಗೆರೆ, ತಿರುಗಿಸೋ ತಿರುಪು. ಇಬ್ಬರೂ ಒಂದೇ ವಂಶದವರು ಅನ್ನಿ.

ಚಕ್ರದ ಅಗಲ 36 ಇಂಚು. ತೂಕ ಅರ್ಧ ಟನ್! ಅದು ಬರ್ತಿದ್ದ ಹಡಗನ್ನ ಸಮುದ್ರದಲ್ಲಿ ಫ್ರೆಂಚರು ಹಿಡಿದು ಮಾರಿಷಸ್‌ಗೆ ಎಳೆದೊಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದ ಅಲ್ಲಿನವರು, ಇದು ಯುದ್ಧದ ಸಾಮಾನಲ್ಲ, ವಿಜ್ಞಾನದ ಸಾಮಾನು ಅಂತ ಗೌರವದಿಂದ ಮದ್ರಾಸಿಗೆ ವಾಪಸ್ ಕಳಿಸಿದರು. ಶತ್ರುವೂ ಬೆಲೆ ಗುರುತಿಸಿದ ಮಾಲು ಅದು.

5/9
ಆದರೆ ಮನೆಯವರೇ ಬೆಲೆ ಗುರುತಿಸಲಿಲ್ಲ! ಖರ್ಚು ನೋಡಿ ಮದ್ರಾಸ್ ಸರ್ಕಾರದ ಹಣಕಾಸಿನವರು ಮುಖ ಸಿಂಡರಿಸಿದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರೋರಿಗೆ ಒಂದು ಮಾತು ಹೇಳಿದ್ರೆ ಸಾಕು, ದಾರಿ ಅವರಿಗೇ ಗೊತ್ತು, ಇದಕ್ಕೆಲ್ಲ ನಕ್ಷೆ ಯಾಕೆ ಅಂತ ಅವರಲ್ಲೊಬ್ಬ ವಾದ ಮಾಡಿದನಂತೆ.

ಬಿಕಾಂ ಸ್ಟೂಡೆಂಟ್ ಆಗಿ ಹೇಳ್ತೀನಿ, ಆ ವಾದ ಪೂರ್ತಿ ದಡ್ಡತನ ಏನಲ್ಲ. ಬರೀ ಊರು ತಲುಪೋದೇ ಕೆಲಸ ಆಗಿದ್ರೆ ಪಲ್ಲಕ್ಕಿಯವನ ಜ್ಞಾನ ಸಾಕಿತ್ತು, ಅಗ್ಗವೂ ಆಗಿತ್ತು. ಲ್ಯಾಂಬ್ಟನ್ ಕೆಲಸವೇ ಬೇರೆ. ಮದ್ರಾಸಿನ ಮೂಲರೇಖೆಯಿಂದ ತ್ರಿಕೋನ ಕಟ್ಟುತ್ತಾ 160 ಮೈಲಿಯಷ್ಟು ಬಂದು, 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ಮೂಲರೇಖೆಯನ್ನ ನೆಲದ ಮೇಲೆ ಅಳೆದು ತಾಳೆ ನೋಡಿದಾಗ, ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿನ ಒಳಗೆ! ಈ ನಿಖರತೆಯನ್ನ ಅಗ್ಗದ ದುರ್ಬೀನು ಕೊಡ್ತಿರಲಿಲ್ಲ. ಯಾಕಂದ್ರೆ ಒಂದು ತ್ರಿಕೋನದ ತಪ್ಪು ಮುಂದಿನದಕ್ಕೆ ದಾಟುತ್ತೆ, ಸಾಲದ ಚಕ್ರಬಡ್ಡಿ ಥರ.

ಪಾಠ 1: ಬೆಲೆ ಕೇಳೋ ಮುಂಚೆ ಕೆಲಸ ಯಾವುದು ಅಂತ ಕೇಳಬೇಕು.

6/9
1808, ತಂಜಾವೂರು. ಸುತ್ತ ಬಯಲು, ಬೆಟ್ಟವಿಲ್ಲ. ನಮ್ಮ ದುರ್ಗದಲ್ಲಾಗಿದ್ರೆ ಜೋಗಿಮಟ್ಟಿ ಹತ್ತಿದ್ರೆ ಆಯ್ತು! ಅಲ್ಲಿ ದೊಡ್ಡ ದೇವಸ್ಥಾನದ ಗೋಪುರವೇ ಬೆಟ್ಟ. ಹಗ್ಗ ಕಟ್ಟಿ ಅರ್ಧ ಟನ್ ಯಂತ್ರವನ್ನ ಮೇಲಕ್ಕೆ ಎಳೆಯೋವಾಗ ಹಗ್ಗ ಕಿತ್ತುಹೋಯ್ತು. ಪೆಟ್ಟಿಗೆ ಗೋಪುರಕ್ಕೆ ಅಪ್ಪಳಿಸಿತು. ಇಡೀ ಸರ್ವೆಯ ಪ್ರಾಣವಾಗಿದ್ದ ಆ ಚಕ್ರ ಸೊಟ್ಟಗಾಯ್ತು.

ಈಗ ಏನು? ಅಕೌಂಟ್ಸ್ ಭಾಷೆಯಲ್ಲಿ ರೈಟ್ ಆಫ್ ಮಾಡಬೇಕಾ? ಹೊಸದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು. ಅಲ್ಲಿವರೆಗೆ ಕೆಲಸ ಬಂದ್. ಲ್ಯಾಂಬ್ಟನ್ ಯಂತ್ರವನ್ನ ತಿರುಚಿರಾಪಳ್ಳಿಗೆ ಸಾಗಿಸಿ, ಸೈನ್ಯದ ಕುಶಲಕರ್ಮಿಗಳನ್ನ ಜೊತೆಗೆ ಹಾಕಿಕೊಂಡು, ಸುಮಾರು ಆರು ವಾರ ಡೇರೆ ಬಿಟ್ಟು ಹೊರಗೆ ಬರಲಿಲ್ಲ. ಬೆಣೆ ಹೊಡೆದು, ತಿರುಪು ಬಿಗಿದು, ರಾಟೆಯಲ್ಲಿ ಎಳೆದು, ಚೂರು ಚೂರೇ ಚಕ್ರವನ್ನ ಮತ್ತೆ ದುಂಡಗೆ ತಂದ. ಅದೇ ಯಂತ್ರ ಆಮೇಲೆ ದಶಕಗಳ ಕಾಲ ಕೆಲಸ ಮಾಡಿತು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ, ಯಂತ್ರ ಬಾಳಿತು.

ಪಾಠ 2: ಬಾಳಿಕೆ ಅಂದ್ರೆ ಪೆಟ್ಟೇ ಬೀಳದೆ ಇರೋದಲ್ಲ. ಪೆಟ್ಟು ಬಿದ್ದ ಮೇಲೆ ರಿಪೇರಿ ಮಾಡೋಕೆ ಆಗುತ್ತಾ, ಮಾಡೋ ಕೈ ಹತ್ತಿರದಲ್ಲಿದೆಯಾ ಅನ್ನೋದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆ ಅರ್ಧ ಟನ್ನನ್ನ ಹೆಗಲ ಮೇಲೆ ಹೊತ್ತವರು, ಹಗ್ಗ ಹಿಡಿದವರು, ಕಾಡಿನ ಜ್ವರಕ್ಕೆ ದಾರಿಯಲ್ಲೇ ಪ್ರಾಣ ಬಿಟ್ಟವರು ನಮ್ಮ ಕಡೆಯ ಕೂಲಿ ಜನ. ಅವರ ಹೆಸರು ನಕ್ಷೆಯ ಮೂಲೆಯಲ್ಲೂ ಇಲ್ಲ. ಯಂತ್ರದ ಖರ್ಚು ಲೆಕ್ಕಕ್ಕೆ ಬಂತು, ಈ ಖರ್ಚು ಬರಲಿಲ್ಲ.

7/9
ಆ ರಿಪೇರಿ ಕೈ ಮುಂದೆ ಎಲ್ಲಿ ಸಿಕ್ತು ಗೊತ್ತಾ? ಲ್ಯಾಂಬ್ಟನ್ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಹೆನ್ರಿ ಬ್ಯಾರೋ ಅನ್ನೋ ಉಪಕರಣ ತಯಾರಕನನ್ನ ಇಂಗ್ಲೆಂಡಿನಿಂದ ಕಲ್ಕತ್ತೆಗೆ ಕರೆಸಿಕೊಂಡ. ಆ ಹಳೇ ಥಿಯೋಡೊಲೈಟನ್ನ ಬ್ಯಾರೋ ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಕೊಟ್ಟ. ಬ್ಯಾರೋ ಹೋದ ಮೇಲೆ, 1843ರಲ್ಲಿ, ಅವನ ಹುದ್ದೆಗೆ ಬಂದವರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಇಂಗ್ಲೆಂಡ್ ನೋಡಿದವರಲ್ಲ. ಕೆಲಸ ಮಾಡ್ತಾ ಮಾಡ್ತಾ ಸೂಕ್ಷ್ಮ ಯಂತ್ರಗಳ ಒಳಗುಟ್ಟು ಕಲಿತವರು. ಎವರೆಸ್ಟ್ ಅವರನ್ನ ಬಾಯ್ತುಂಬ ಹೊಗಳಿದ.

ಕಲ್ಕತ್ತೆಯ ಆ ಉಪಕರಣ ಕಚೇರಿಯೇ ಸ್ವಾತಂತ್ರ್ಯದ ನಂತರ, 1957ರಲ್ಲಿ, ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಅನ್ನೋ ಸರ್ಕಾರಿ ಕಂಪನಿ ಆಯ್ತು. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಡೆಹ್ರಾಡೂನಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಶುರುವಾಗಿ ಸೈನ್ಯಕ್ಕೆ ಗುರಿದರ್ಶಕಗಳನ್ನ ಮಾಡ್ತು. 2021ರಿಂದ ಅದು ಇಂಡಿಯಾ ಆಪ್ಟೆಲ್ ಕಂಪನಿಯ ಭಾಗ.

8/9
ಈಗ ಬಂದೂಕಿನ ಮೇಲಿನ ಗಾಜಿಗೆ ಬರೋಣ. ಮೊದಲನೇ ಮಹಾಯುದ್ಧ ಶುರುವಾದಾಗ ಬ್ರಿಟನ್ ಒಳ್ಳೆ ಆಪ್ಟಿಕಲ್ ಗಾಜಿಗೆ ಹೆಚ್ಚಾಗಿ ಜರ್ಮನಿಯನ್ನೇ ನಂಬಿತ್ತು. ಶತ್ರುವಾದವನೇ ಸಪ್ಲೈಯರ್! ಅದಕ್ಕೇ ಅವರ ಹತ್ತಿರ ಸ್ಕೋಪ್‌ಗಳು ಕಡಿಮೆ, ಇದ್ದದ್ದೂ ಸರಿಯಾಗಿ ಜೋಡಿಸಿರಲಿಲ್ಲ. ಎರಡನೇ ಯುದ್ಧಕ್ಕೆ ಬುದ್ಧಿ ಬಂದಿತ್ತು. ಬ್ರೆನ್ ಮಷಿನ್ ಗನ್ನಿಗೆ ಅಂತ ಗಟ್ಟಿಯಾಗಿ ಮಾಡಿದ್ದ ನಂ. 32 ಸ್ಕೋಪನ್ನ ಆಯ್ದ ರೈಫಲ್‌ಗಳಿಗೆ ಕೂರಿಸಿದರು. ದೊಡ್ಡದು ಮಾಡಿ ತೋರಿಸ್ತಿದ್ದದ್ದು ಬರೀ 3 ಪಟ್ಟು. ಆದರೆ ಸ್ಕೋಪಿನ ನಂಬರನ್ನ ರೈಫಲ್ ಮೇಲೂ ಕೆತ್ತಿ, ಈ ಜೋಡಿ ಅಗಲಿಸಬಾರದು ಅಂತ ನಿಯಮ ಮಾಡಿದರು.

ಅಮೆರಿಕದ ಲ್ಯುಪೋಲ್ಡ್ ಕಂಪನಿ 1947ರಲ್ಲಿ ಒಳಗೆ ಮಂಜು ಕಟ್ಟದ ಸ್ಕೋಪ್ ತಂದಿತು. ಗುಟ್ಟು ಸಿಂಪಲ್: ತೇವದ ಗಾಳಿ ತೆಗೆದು ನೈಟ್ರೋಜನ್ ತುಂಬಿ ಸೀಲ್ ಮಾಡೋದು. ನಮ್ಮ ಸೈನ್ಯ ದಶಕಗಳ ಕಾಲ ಬಳಸಿದ ಡ್ರಾಗುನೋವ್ ರೈಫಲ್‌ನ ಸ್ಕೋಪ್ ಬರೀ 4 ಪಟ್ಟಿನದು, ಆದರೆ ಒರಟು ಬಳಕೆಗೆ ಹೆಸರಾಗಿತ್ತು. ದೂರ ಹೆಚ್ಚಿದ ಹಾಗೆ ಅದು ಸಾಲದಾಯ್ತು. 2019ರಲ್ಲಿ ಉತ್ತರ ಗಡಿಗೆ ಬರೆಟ್, ಬೆರೆಟಾ ಸ್ನೈಪರ್ ರೈಫಲ್‌ಗಳು ಬಂದವು. ಅಲ್ಲಿ ಅಗ್ಗದ ಸ್ಕೋಪ್ ಕೈಕೊಟ್ಟರೆ ಹೋಗೋದು ದುಡ್ಡಲ್ಲ, ಒಬ್ಬ ಯೋಧನ ಜೀವ.

9/9
ಹಾಗಾದ್ರೆ ಜೂನಿಯರ್ ಪ್ರಶ್ನೆಗೆ ಉತ್ತರ? ದುಬಾರಿ ಸ್ಕೋಪಿನಲ್ಲಿ ದುಡ್ಡು ಹೋಗೋದು "ಎಷ್ಟು ಪಟ್ಟು" ಅನ್ನೋ ನಂಬರಿಗಲ್ಲ. ಪ್ರತಿ ಗುಂಡಿನ ಒದೆತಕ್ಕೂ ಅಡ್ಡಗೆರೆ ಜಾಗ ಬಿಡಬಾರದು. ತಿರುಪನ್ನ ಹತ್ತು ಕ್ಲಿಕ್ ಮೇಲೆ ತಿರುಗಿಸಿ ಹತ್ತು ಕ್ಲಿಕ್ ಕೆಳಗೆ ತಂದರೆ ಮೊದಲಿದ್ದಲ್ಲಿಗೇ ಬರಬೇಕು. ಹಿರಿಯೂರಿನ ಬಿಸಿಲಿಗೂ ಜೋಗಿಮಟ್ಟಿಯ ಮಂಜಿಗೂ ಸೀಲ್ ಬಿಡಬಾರದು. ಇದಕ್ಕೇ ದುಡ್ಡು. ಒಂದು ತಮಾಷೆ: ಅಗ್ಗದ ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಎರಡು ಕಡೆ ಒದೆಯೋದರಿಂದ, ಅದಕ್ಕೆಂದೇ ಮಾಡದ ದುಬಾರಿ ಸ್ಕೋಪೂ ಹಾಳಾಗಬಹುದು. ಬೆಲೆ ನೋಡಿದ್ರೆ ಸಾಲದು, ಜೋಡಿ ನೋಡಬೇಕು.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ (ಇದು ಉದಾಹರಣೆ, ಮಾರ್ಕೆಟ್ ರೇಟ್ ಅಲ್ಲ): 15,000 ರೂಪಾಯಿಯದು 2 ವರ್ಷ ಬಂದರೆ ವರ್ಷಕ್ಕೆ 7,500. 60,000ದ್ದು 15 ವರ್ಷ ಬಂದರೆ ವರ್ಷಕ್ಕೆ 4,000. ದುಬಾರಿಯದೇ ಅಗ್ಗ! ಆದರೆ ನಿಲ್ಲಿ. ವರ್ಷಕ್ಕೆ ನಾಲ್ಕು ದಿನ ಮಾತ್ರ ಬಳಸೋರಿಗೆ, ಅದೂ ಬಡ್ಡಿ ಸಾಲ ತಂದು, ಈ ಲೆಕ್ಕ ಉಲ್ಟಾ ಹೊಡೆಯುತ್ತೆ. ಅಂಥವರಿಗೆ ಆ ದುಡ್ಡು ಪ್ರಾಕ್ಟೀಸಿಗೆ, ಕೋಚಿಂಗ್‌ಗೆ ಹೋಗಲಿ. ಮನೆಯಲ್ಲಿ ಅಪ್ಪ ಅಮ್ಮ ಹೊಲದ ದುಡ್ಡಲ್ಲಿ ಓದಿಸ್ತಿರೋ ನಮ್ಮಂಥವರು ಈ ಮಾತು ಮರೀಬಾರದು.

ಕ್ಯಾಮೆರಾ ಲೆನ್ಸ್, ಲ್ಯಾಪ್‌ಟಾಪ್, ಬೋರ್‌ವೆಲ್ ಪಂಪು, ಯಾವುದಕ್ಕಾದರೂ ಇದೇ ಮೂರು ಪ್ರಶ್ನೆ: ಕೆಲಸ ಯಾವುದು? ಕೆಟ್ಟರೆ ರಿಪೇರಿ ಎಲ್ಲಿ? ತಪ್ಪಿದರೆ ನಷ್ಟ ಯಾರಿಗೆ?

ನಿಮ್ಮ ಮನೆಯಲ್ಲಿ ತಾತನ ಕಾಲದಿಂದ ರಿಪೇರಿ ಆಗ್ತಾ ಆಗ್ತಾ ಇನ್ನೂ ನಡೀತಿರೋ ಸಾಮಾನು ಯಾವುದು? ಕಾಮೆಂಟಲ್ಲಿ ಹೇಳಿ. ಒಳ್ಳೇವನ್ನ ಸ್ಟೋರಿಗೆ ಹಾಕ್ತೀನಿ.

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ನಮ್ಮಇತಿಹಾಸ #ಬಿಕಾಂಲೆಕ್ಕ