ಅರಿಕುಠಾರದ ಮಗು

ಕಳೆದ ಭಾನುವಾರ ಮೊಮ್ಮಗನೊಡನೆ ಬದನಗುಪ್ಪೆಯಿಂದ ರೈಲು ಹತ್ತಿ ಚಾಮರಾಜನಗರಕ್ಕೆ ಹೋಗಿದ್ದೆ. ಚಾಮರಾಜೇಶ್ವರ ದೇವಾಲಯದ ಪ್ರಾಕಾರವನ್ನು ಸುತ್ತಿ, ಜನನ ಮಂಟಪದ ಉದ್ಯಾನದಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. “ಇಲ್ಲಿ ಹುಟ್ಟಿದ್ದು ಯಾರು ತಾತ?” ಎಂದು ಹುಡುಗ ಕೇಳಿದ.

ಈ ಊರಿನ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಇಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರನ್ನು 1776ರಲ್ಲಿ ಹೈದರ್ ಅಲಿಯು ಮೈಸೂರಿನ ಗದ್ದುಗೆಗೆ ಆರಿಸಿದನು. ಆಟಿಕೆಗಳ ನಡುವೆ ಇರಿಸಿದ್ದ ಕಠಾರಿಗೇ ಕೈ ಚಾಚಿದ ಮಗು ಇದೆಂದು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಆದರೆ ಆ ಕೈಗೆ ಅಧಿಕಾರವು ಬರಲೇ ಇಲ್ಲ. ಹೈದರ್, ಅನಂತರ ಟಿಪ್ಪು ಆಳುತ್ತಿರಲು, ಹೆಸರಿಗಷ್ಟೇ ಅರಸರಾಗಿದ್ದು 1796ರಲ್ಲಿ ತೀರಿಕೊಂಡರು. ಆಗ ಮಗ ಮುಮ್ಮಡಿ ಕೃಷ್ಣರಾಜರಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮುಖವೂ ನೆನಪಿರದ ತಂದೆಯ ಹೆಸರನ್ನು ಅವರು 1818ರಲ್ಲಿ ಈ ಊರಿಗೆ ಇಟ್ಟರು. 1826ರಲ್ಲಿ ದೇಗುಲವನ್ನು ಕಟ್ಟಿಸಿದರು.

ತರಗತಿಯಲ್ಲಿ ನಾನು ಈ ಅರಸರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಇಷ್ಟು ಹತ್ತಿರದ ಮಂಟಪಕ್ಕೆ ಒಬ್ಬ ವಿದ್ಯಾರ್ಥಿಯನ್ನೂ ಕರೆತಂದವನಲ್ಲ. ಆ ಬಾಕಿಯಲ್ಲಿ ಸ್ವಲ್ಪವನ್ನಾದರೂ ಅಂದು ಮೊಮ್ಮಗನ ಮುಂದೆ ತೀರಿಸಿದೆ. ಹುಡುಗನು ಮಂಟಪವನ್ನು ಮತ್ತೊಮ್ಮೆ ನೋಡಿಬರಲು ತಾನಾಗಿಯೇ ಎದ್ದು ಹೋದ.