ಯಂತ್ರ ಕಸೂತಿ: ಅಂದ ಮೇಲೆ, ಆಧಾರ ಕೆಳಗೆ

ರವಿಕೆಯ ತೋಳಿನ ಹೂಬಳ್ಳಿ, ಶಾಲಾ ಸಮವಸ್ತ್ರದ ಲಾಂಛನ, ಟೀ-ಶರ್ಟಿನ ಮೇಲಿನ ಹೆಸರು ಇವೆಲ್ಲವನ್ನೂ ಕಂಪ್ಯೂಟರ್ ಕಸೂತಿ ಯಂತ್ರ ಇಂದು ಸ್ವಲ್ಪ ಹೊತ್ತಿನಲ್ಲೇ ಹೊಲಿದು ಮುಗಿಸುತ್ತದೆ. ಆದರೆ ಫ್ರೇಮಿನಲ್ಲಿದ್ದಾಗ ನಯವಾಗಿ ಕಂಡ ಹೂವು, ಬಟ್ಟೆಯನ್ನು ಹೊರತೆಗೆದೊಡನೆ ಸುತ್ತಲೂ ಸುಕ್ಕುಗಟ್ಟುವುದುಂಟು. ಇಸ್ತ್ರಿ ಹಾಕಿದರೂ ಈ ಸುಕ್ಕು ಪೂರ್ತಿಯಾಗಿ ಹೋಗದು. ಹೊಲಿಗೆ ಬಿಚ್ಚಿದರೆ ರೇಷ್ಮೆಯ ಮೇಲೆ ಸೂಜಿಯ ರಂಧ್ರಗಳು ಉಳಿದು, ದುಬಾರಿ ಬಟ್ಟೆಯೇ ಕೆಡುತ್ತದೆ. ದೂರು ಸಾಮಾನ್ಯವಾಗಿ ಯಂತ್ರದ ಮೇಲೆ ಅಥವಾ ದಾರದ ಮೇಲೆ ಬೀಳುತ್ತದೆ. ಬಹಳಷ್ಟು ಸಲ ನಿಜವಾದ ಕಾರಣ ಬಟ್ಟೆಯ ಅಡಿಯಲ್ಲಿರುತ್ತದೆ. ಅದೇ ಸ್ಟೆಬಿಲೈಸರ್ ಅಥವಾ ಬ್ಯಾಕಿಂಗ್ ಎಂದು ಕರೆಯಲಾಗುವ ಆಧಾರ ಪದರ.

ಏಕೆ ಬೇಕು?

ಕಸೂತಿ ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ ದಾರವೂ ಪರಸ್ಪರ ಬಿಗಿದುಕೊಳ್ಳುತ್ತವೆ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಒಂದಿಷ್ಟು ಒಳಕ್ಕೆ ಎಳೆಯುತ್ತದೆ. ತುಂಬುಹೊಲಿಗೆಯಲ್ಲಿ ಸಾಲುಗಳ ನಡುವಿನ ಅಂತರ ಸುಮಾರು 0.4 ಮಿ.ಮೀ. ಮಾತ್ರ. ಸಾವಿರಾರು ಹೊಲಿಗೆಗಳ ಎಳೆತ ಒಂದೇ ಕಡೆ ಸೇರಿದಾಗ ತೆಳು ಬಟ್ಟೆಯ ಹಾಸು ಹೊಕ್ಕುಗಳಿಗೆ ಅದನ್ನು ತಾಳುವ ಶಕ್ತಿ ಇರುವುದಿಲ್ಲ. ಆ ಭಾರವನ್ನು ಬಟ್ಟೆಯ ಬದಲು ಹೊರುವುದೇ ಆಧಾರ ಪದರದ ಕೆಲಸ.

ಹಳೆಯ ಉಪಾಯ

ಈ ಉಪಾಯ ಹೊಸದಲ್ಲ. ಧಾರವಾಡ ಭಾಗದ ಕೈಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯಲಾಗುತ್ತದೆ. ನುಣುಪಾದ ರೇಷ್ಮೆಯಲ್ಲಿ ಎಣಿಕೆ ಕಷ್ಟವಾದಾಗ ಮೇಲೆ ಜಾಳಿಗೆಯಂಥ ಕ್ಯಾನ್ವಾಸ್ ಕೂರಿಸಿ ಹೊಲಿದು, ಬಳಿಕ ಅದರ ಎಳೆಗಳನ್ನು ಒಂದೊಂದಾಗಿ ಸೆಳೆದು ತೆಗೆಯುತ್ತಾರೆ. ಯುರೋಪಿನಲ್ಲಿ ಜೋಸ್ಯೂ ಹೈಲ್‌ಮನ್ 1828ರಲ್ಲಿ ಕಸೂತಿ ಯಂತ್ರವನ್ನು ರೂಪಿಸಿದರು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ತಯಾರಕರು ಬಟ್ಟೆಯ ಮೇಲೆ ಹೊಲಿದು, ಆ ಬಟ್ಟೆಯನ್ನೇ ರಾಸಾಯನಿಕದಿಂದ ಕರಗಿಸಿ ಲೇಸ್ ತಯಾರಿಸುವ ವಿಧಾನವನ್ನು ಕಂಡುಕೊಂಡರು. ಇಂದಿನ ನೀರಿನಲ್ಲಿ ಕರಗುವ ಪದರದ ಹಿಂದಿರುವುದೂ ಇದೇ ಯುಕ್ತಿ.

ನಾಲ್ಕು ಬಗೆ

ಕತ್ತರಿಸುವ ಪದರ: ಹೊಲಿಗೆಯ ಅಡಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹೆಚ್ಚಾದ ಅಂಚನ್ನಷ್ಟೇ ಕತ್ತರಿಸಲಾಗುತ್ತದೆ. ಹಿಗ್ಗುವ ಹೊಸೈರಿ ಬಟ್ಟೆಗೆ ಇದೇ ಸರಿ. ಇಲ್ಲವಾದರೆ ಒಗೆದಂತೆಲ್ಲ ಲಾಂಛನ ಸೊಟ್ಟಗಾಗುತ್ತದೆ.

ಹರಿಯುವ ಪದರ: ಕಾಗದದಂತೆ ಹರಿದು ತೆಗೆಯಬಹುದು. ಹತ್ತಿ, ಡೆನಿಮ್‌ನಂಥ ಬಿಗಿ ನೇಯ್ಗೆಗೆ, ಹಗುರ ವಿನ್ಯಾಸಕ್ಕೆ ಸಾಕು.

ನೀರಿನಲ್ಲಿ ಕರಗುವ ಪದರ: ಸಾಮಾನ್ಯವಾಗಿ ಪಾಲಿವಿನೈಲ್ ಆಲ್ಕೋಹಾಲಿನಿಂದ ತಯಾರಾಗುತ್ತದೆ. ನೆಟ್, ಆರ್ಗಂಜಾದಂಥ ಪಾರದರ್ಶಕ ಬಟ್ಟೆಗೆ ಅಡಿಯಲ್ಲೂ, ಟರ್ಕಿ ಟವೆಲ್ಲಿಗೆ ಹೊಲಿಗೆ ಹೂತುಹೋಗದಂತೆ ಮೇಲೂ ಇದನ್ನು ಬಳಸುತ್ತಾರೆ. ತೇವವನ್ನು ಹೀರುವ ಗುಣವಿರುವುದರಿಂದ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಚೀಲದಲ್ಲಿಡುವುದು ಅಗತ್ಯ.

ಶಾಖಕ್ಕೆ ಕರಗುವ ಪದರ: ನೀರು ತಾಗಿಸಬಾರದ ಬಟ್ಟೆಗಳಿಗೆ ಉಪಯುಕ್ತ. ಆದರೆ ಬಟ್ಟೆ ಆ ಶಾಖವನ್ನು ತಡೆಯುವಂತಿರಬೇಕು.

ರೇಷ್ಮೆಗೆ ವಿಶೇಷ ಎಚ್ಚರಿಕೆ

ಮೈಸೂರು ಕ್ರೇಪ್ ರೇಷ್ಮೆಯ ನೂಲಿಗೆ ಹೆಚ್ಚು ಹುರಿ ಇರುವುದರಿಂದ ಅದು ಎಳೆದರೆ ಜಗ್ಗುತ್ತದೆ, ನೆನೆದರೆ ಕುಗ್ಗುತ್ತದೆ. ಇದಕ್ಕೆ ನೀರಿನಲ್ಲಿ ಕರಗುವ ಪದರ ಹೊಂದುವುದಿಲ್ಲ. ಮೃದುವಾದ, ತೆಳುವಾದ ಕತ್ತರಿಸುವ ಪದರವೇ ಲೇಸು. ಹರಿಯುವ ಪದರವನ್ನು ಜೋರಾಗಿ ಎಳೆದರೆ ಹೊಲಿಗೆಯೂ ಬಟ್ಟೆಯೂ ಸೊಟ್ಟಗಾಗುವ ಅಪಾಯವಿದೆ.

ಅನುಸರಿಸಬೇಕಾದ ಕ್ರಮ

ಪದರವು ಫ್ರೇಮಿಗಿಂತ ನಾಲ್ಕೂ ಕಡೆ ದೊಡ್ಡದಾಗಿರಬೇಕು. ಪದರವನ್ನು ಬಿಗಿಯಾಗಿ ಕೂರಿಸಬೇಕು, ಬಟ್ಟೆಯನ್ನು ಮಾತ್ರ ಜಗ್ಗಬಾರದು. ಜಗ್ಗಿ ಕೂರಿಸಿದ ಬಟ್ಟೆ ಹೊರಬಂದಾಗ ಮೊದಲಿನ ಅಳತೆಗೆ ಮರಳುತ್ತದೆ, ಹೊಲಿಗೆ ಮರಳುವುದಿಲ್ಲ. ಸುಕ್ಕು ಹುಟ್ಟುವ ಒಂದು ಬಗೆ ಇದು. ಫ್ರೇಮಿನ ಗುರುತು ಬೀಳುವ ವೆಲ್ವೆಟ್‌ನಂಥ ಬಟ್ಟೆಯಾದರೆ ಪದರವನ್ನಷ್ಟೇ ಫ್ರೇಮಿಗೆ ಹಾಕಿ, ಅದರ ಮೇಲೆ ಬಟ್ಟೆಯನ್ನು ಅಂಟಿಸಬಹುದು. ಹರಿಯುವ ಪದರವನ್ನು ತೆಗೆಯುವಾಗ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಕತ್ತರಿಸುವ ಪದರದಲ್ಲಿ ಹೊಲಿಗೆಯ ಸುತ್ತ ಸುಮಾರು ಅರ್ಧ ಸೆಂ.ಮೀ. ಅಂಚು ಬಿಡಬೇಕು.

ಉಳಿತಾಯಕ್ಕೆಂದು ಹಳೆಯ ಪತ್ರಿಕೆಯ ಹಾಳೆಯನ್ನು ಅಡಿಯಲ್ಲಿಡುವವರೂ ಇದ್ದಾರೆ. ಅದರ ಮಸಿ ಬಟ್ಟೆಗೆ ಹತ್ತುತ್ತದೆ, ಹೊಲಿಗೆ ದಟ್ಟವಾದಂತೆ ಹಾಳೆ ನಡುವೆಯೇ ಹರಿದು ಆಧಾರ ತಪ್ಪುತ್ತದೆ.

ಆಧಾರ ಪದರಕ್ಕೆ ತಗಲುವ ಖರ್ಚು ರೇಷ್ಮೆಯ ಬೆಲೆಗೆ ಹೋಲಿಸಿದರೆ ಅತ್ಯಲ್ಪ. ಹೊಲಿಯುವ ಮುನ್ನ ಅದೇ ಬಟ್ಟೆಯ ತುಣುಕಿನ ಮೇಲೆ, ಅದೇ ದಾರ ಮತ್ತು ಅದೇ ಪದರದೊಂದಿಗೆ ವಿನ್ಯಾಸವನ್ನು ಪ್ರಯೋಗಿಸಿ ನೋಡುವುದು ಒಳ್ಳೆಯದು. ಹೊಲಿಯಲು ಕೊಡುವ ಗ್ರಾಹಕರೂ ಯಾವ ಪದರ ಬಳಸುತ್ತೀರಿ ಎಂದು ಮೊದಲೇ ವಿಚಾರಿಸಿಕೊಂಡರೆ, ಮುಂದಿನ ನಷ್ಟ ಮತ್ತು ಮನಸ್ತಾಪ ಎರಡನ್ನೂ ತಪ್ಪಿಸಬಹುದು.